ಶಿವಕುಮಾರಿಯವರ ಸುತ್ತಳತೆಯೂ ಮಂಟಪದ ಕಂಬವೂ

ಸುಮಿತ್ರಾ ದಿನಾ ಬೆಳಿಗ್ಗೆ ತಪ್ಪದೆ ಮಾಡುವ ಕೆಲಸ ಒಂದಿದೆ. ಸ್ನಾನ ಮುಗಿಸಿ, ದೀಪ ಹಚ್ಚುವುದಕ್ಕೆ ಮೊದಲು ದೇವರ ಗೋಡೆಯ ಮುಂದೆ ನಿಂತು, ಸೊಟ್ಟಗಾಗಿರುವ ಪಟಗಳನ್ನೆಲ್ಲ ನೇರ ಮಾಡುವುದು. ಮುಂಬಯಿಯ ಕಾಂದಿವಲಿಯಲ್ಲಿ ಅವರ ಬಿಲ್ಡಿಂಗ್ ರೈಲು ಹಳಿಗೆ ಅಂಟಿಕೊಂಡೇ ಇದೆ. ಫಾಸ್ಟ್ ಲೋಕಲ್ ಹೋದಾಗೆಲ್ಲ ಅಡುಗೆಮನೆಯ ಲೋಟಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ದೇವರ ಪಟಗಳು ಕೂದಲೆಳೆಯಷ್ಟು ಸರಿಯುತ್ತವೆ. ಬೆಳಗಾಗುವ ಹೊತ್ತಿಗೆ ವೆಂಕಟರಮಣ ಎಡಕ್ಕೆ ವಾಲಿ ಪಕ್ಕದ ಗಣಪತಿಯ ಕಿವಿಯಲ್ಲಿ ಏನೋ ಗುಟ್ಟು ಹೇಳುತ್ತಿರುತ್ತಾನೆ. ಗಣಪತಿ ಅದನ್ನು ಕೇಳಿ ಬಲಕ್ಕೆ ಜರುಗಿರುತ್ತಾನೆ. ಸುಮಿತ್ರಾ ಒಂದೇ ಬೆರಳಿನಿಂದ, ಮಲಗಿದ ಮಗುವಿನ ಕೂದಲು ಸರಿಮಾಡುವ ಹಾಗೆ, ಅವರನ್ನೆಲ್ಲ ತಮ್ಮ ತಮ್ಮ ಜಾಗಕ್ಕೆ ತರುತ್ತಾಳೆ. ಜ್ವರ ಬಂದ ದಿನವೂ, ಮಗಳು ಅಪೇಕ್ಷಾಳ ಮದುವೆಯ ದಿನವೂ ಇದನ್ನು ಬಿಟ್ಟವಳಲ್ಲ. (ಡಾಕ್ಟರ ಕ್ಲಿನಿಕ್ಕಿನಲ್ಲಿ ಕ್ಯಾಲೆಂಡರ್ ಸೊಟ್ಟಗಿದ್ದರೂ ಎದ್ದು ಹೋಗಿ ನೇರ ಮಾಡುತ್ತಾಳೆ. ಅಷ್ಟರಲ್ಲಿ ಅವಳ ನಂಬರ್ ಕರೆದು ಮುಗಿದಿರುತ್ತದೆ.)

“ನಿನ್ನ ಕಣ್ಣಿನಲ್ಲಿ ಒಬ್ಬ ಬಡಗಿ ಕೂತಿದ್ದಾನೆ ಕಣೇ,” ಎಂದು ಅವಳ ಯಜಮಾನರು ಕೇಶವಮೂರ್ತಿ ಆಗಾಗ ಹೊಗಳುತ್ತಿದ್ದರು. ಆ ಹೊಗಳಿಕೆಯೇ ಮುಂದಿನ ಅನಾಹುತಕ್ಕೆಲ್ಲ ಮೂಲ.

ಬಡಾವಣೆಯ ಕನ್ನಡದ ಹೆಂಗಸರು ಸೇರಿ ನಡೆಸುವ ಅನ್ನಪೂರ್ಣಾ ಭಜನಾ ಮಂಡಳಿಗೆ ಈ ವರ್ಷ ಬೆಳ್ಳಿಹಬ್ಬ. ನವರಾತ್ರಿಯಲ್ಲಿ ದೊಡ್ಡ ಪೂಜೆ ಆಯಿತು. ಮಂಟಪದ ಅಲಂಕಾರ ಪೂರ್ತಿ ಸುಮಿತ್ರಾಳದ್ದು. ಮಂಡಳಿಯ ದಾನವ್ವನನ್ನು ಜೊತೆಗೆ ಕರೆದುಕೊಂಡು ದಾದರಿನ ಮಾರುಕಟ್ಟೆಗೆ ಹೋಗಿ, ಬೇಕಾದ್ದನ್ನೆಲ್ಲ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ತುರುಕಿ ತಂದು, ಒಂದೇ ಮಧ್ಯಾಹ್ನದಲ್ಲಿ ದೇವಿಗೆ ಅರಮನೆ ಕಟ್ಟಿದ್ದಳು. ಬಂದವರೆಲ್ಲ ಮಂಟಪದ ಎರಡು ಬಂಗಾರದ ಕಂಬಗಳನ್ನು ನೋಡಿ ಬಾಯಿ ತುಂಬ ಹೊಗಳಿ ಹೋದರು.

ಆರತಿ ಆದ ಮೇಲೆ, ಬೆಳ್ಳಿಹಬ್ಬದ ನೆನಪಿಗೆ ಹಾಲಿನ ಗೋಡೆಗೆ ಹಾಕಲೆಂದು ಗ್ರೂಪ್ ಫೋಟೋ. ತೆಗೆಯುವವರು ಕೇಶವಮೂರ್ತಿ. ಆದರೆ ಮುಂಬಯಿಯ ಹಾಲ್ ಎಂದರೆ ಗೊತ್ತಲ್ಲ, ದೇವರಿಗೆ ಜಾಗ ಕೊಟ್ಟರೆ ಭಕ್ತರಿಗೆ ಇಲ್ಲ, ಭಕ್ತರಿಗೆ ಕೊಟ್ಟರೆ ಫೋಟೋ ತೆಗೆಯುವವನಿಗೆ ಇಲ್ಲ. ಅವರು ಹಿಂದೆ ಸರಿದು ಸರಿದು, ಬೆನ್ನಿಗೆ ವಾಟರ್ ಕೂಲರಿನ ನಲ್ಲಿ ಚುಚ್ಚಿ, ಇನ್ನು ಸರಿಯಲು ಪಕ್ಕದ ಬಿಲ್ಡಿಂಗೇ ಗತಿ ಎಂದಾದಾಗ ಫೋನಿನಲ್ಲಿ ಪಾಯಿಂಟ್ ಫೈವ್ ಎಂಬ ಗುಂಡಿ ಒತ್ತಿದರು. ಹಾಲಿಗೆ ಹಾಲೇ ಫೋನಿನೊಳಗೆ ಬಂದು ಕೂತಿತು. “ಆಹಾ!” ಎಂದರು.

ಮಾರನೆಯ ದಿನ ಫೋಟೋ ಮಂಡಳಿಯ ವಾಟ್ಸಾಪ್ ಗ್ರೂಪಿಗೆ ಹೋಯಿತು. ಐದು ನಿಮಿಷಕ್ಕೆ ಸುಮಿತ್ರಾಳ ಫೋನ್ ಬಡಿದುಕೊಂಡಿತು. ಅಧ್ಯಕ್ಷೆ ಶಿವಕುಮಾರಿಯವರು.

“ಸುಮಿತ್ರಾ, ನಿಮ್ಮ ಯಜಮಾನರಿಗೆ ನನ್ನ ಮೇಲೆ ಏನಾದರೂ ಕೋಪ ಇದೆಯಾ?”

“ಅಯ್ಯೋ, ಯಾಕ್ರೀ ಹಾಗಂತೀರಿ?”

“ಮತ್ತೆ ನನ್ನನ್ನ ನೀರಿನ ಟ್ಯಾಂಕರ್ ಮಾಡಿಟ್ಟಿದ್ದಾರಲ್ಲ! ಫೋಟೋ ನೋಡಿ ನನ್ನ ಸೊಸೆ ನಕ್ಕಳು. ಮದುವೆಯಾಗಿ ಬಂದಮೇಲೆ ಅವಳು ನಮ್ಮನೇಲಿ ನಕ್ಕಿದ್ದು ಇದೇ ಮೊದಲು!”

ಸುಮಿತ್ರಾ ಫೋನಿನಲ್ಲೇ ಫೋಟೋ ತೆರೆದು ನೋಡಿದಳು. ಮಾತಿನಲ್ಲಿ ಹುರುಳಿತ್ತು. ಎಡ ತುದಿಯಲ್ಲಿ ನಿಂತಿದ್ದ ಶಿವಕುಮಾರಿಯವರು ಅಡ್ಡಡ್ಡಕ್ಕೆ ಹಿಗ್ಗಿ, ಅವರ ಒಂದು ತೋಳು ಫೋಟೋದಿಂದ ಆಚೆ ಹೊರಟು ನಿಂತಿತ್ತು.

“ದೇವಿ ಮಧ್ಯದಲ್ಲಿ ಕಾಣಲಿ ಅಂತ ನಾನಾಗಿ ಮೂಲೆಗೆ ಹೋಗಿ ನಿಂತೆ. ವಿನಯಕ್ಕೆ ಇದಾ ಫಲ? ಮಧ್ಯದಲ್ಲಿ ಕೂತವರೆಲ್ಲ ಹದಿನಾರರ ಹುಡುಗಿಯರ ಹಾಗೆ ಬಂದಿದ್ದಾರೆ!”

(ಮಧ್ಯದಲ್ಲಿ, ದೇವಿಯ ಪಾದದ ಬಳಿ, ಆರತಿ ತಟ್ಟೆ ಹಿಡಿದು ಕೂತವಳು ಸುಮಿತ್ರಾ. ಆ ಫೋಟೋ ಅವಳಿಗೆ ಬಹಳ ಹಿಡಿಸಿತ್ತು. ಅದನ್ನು ಹೇಳುವ ಸಮಯ ಇದಾಗಿರಲಿಲ್ಲ.)

“ನೋಡಿ, ಈ ಫೋಟೋನ ದೊಡ್ಡದು ಮಾಡಿ ಹಾಲ್‌ನಲ್ಲಿ ತೂಗು ಹಾಕ್ತೀರಿ ಅಂದ್ರೆ ನಾನು ಇನ್ನು ಅಲ್ಲಿಗೆ ಬರಲ್ಲ. ನಾನು ಬರಲ್ಲ ಅಂದ್ರೆ ನನ್ನ ಹಾರ್ಮೋನಿಯಂ ಕೂಡ ಬರಲ್ಲ. ಬಸ್, ಇಷ್ಟೇ ವಿಷಯ.”

ಮಂಡಳಿಗೆ ಇದ್ದದ್ದು ಅದೊಂದೇ ಹಾರ್ಮೋನಿಯಂ. ಅದಿಲ್ಲದೆ ಹಾಡಿದರೆ ಒಬ್ಬೊಬ್ಬರು ಒಂದೊಂದು ಶ್ರುತಿ ಹಿಡಿದು, ಚರ್ಚ್‌ಗೇಟಿಗೆ ಹೊರಟವರು ಲೈನಿನ ಇನ್ನೊಂದು ತುದಿಯ ವಿರಾರ್‌ನಲ್ಲಿ ಇಳಿದ ಹಾಗಾಗುತ್ತಿತ್ತು. ಸುಮಿತ್ರಾ ಯಾರಲ್ಲೂ ಸಂಗೀತ ಕಲಿತವಳಲ್ಲ. ಅಡುಗೆಮನೆಯಲ್ಲಿ ರೇಡಿಯೋ ಕೇಳಿ ಕೇಳಿ ಕಲಿತವಳು. ಲೋಕದಲ್ಲಿ ಅವಳನ್ನು “ಒಂದು ಹಾಡಿ” ಎಂದು ಕೇಳುವ ಜಾಗವೆಂದರೆ ಮಂಡಳಿಯ ಶುಕ್ರವಾರ ಸಂಜೆಯ ಭಜನೆಯೊಂದೇ. ಮಿಕ್ಕೆಲ್ಲ ಕಡೆ ಅವಳನ್ನು ಕೇಳುವುದು “ಒಗ್ಗರಣೆ ಆಯ್ತಾ?” ಎಂದು.

“ಫೋಟೋ ಸರಿ ಮಾಡಿಸ್ತೀವಿ ಶಿವಕುಮಾರಿಯವರೇ. ನನ್ನ ಮೇಲೆ ಬಿಡಿ,” ಎಂದಳು.

ಕೇಶವಮೂರ್ತಿ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದು ನಿವೃತ್ತರಾದವರು. ದುಡ್ಡು ಕೊಟ್ಟು ತಂದ ಯಾವ ವಸ್ತುವಿನ ಮೇಲೂ ಅವರಿಗೆ ನಂಬಿಕೆಯಿಲ್ಲ. ಸ್ಟೇಷನ್ ಹತ್ತಿರದ ಸ್ಟುಡಿಯೋಗೆ ಕೊಡೋಣ ಎಂದು ಸುಮಿತ್ರಾ ಹೇಳಿದ್ದಕ್ಕೆ, “ಯಾಕೆ? ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಾಫ್ಟ್‌ವೇರ್ ಇದೆ!” ಎಂದು ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ಊಟದ ಮೇಜು ಅಂದಿನಿಂದ ಊಟಕ್ಕೆ ಸಿಗಲಿಲ್ಲ.

ಒಂದು ಬೆಳಿಗ್ಗೆ ಪೂರ್ತಿ ವಿಡಿಯೋ ನೋಡಿ, ಜ್ಞಾನೋದಯವಾದವರಂತೆ ಅಡುಗೆಮನೆಗೆ ಬಂದರು.

“ಸುಮಿ, ತಪ್ಪು ಶಿವಕುಮಾರಿಯವರದ್ದೂ ಅಲ್ಲ, ನನ್ನದೂ ಅಲ್ಲ. ಎಲ್ಲ ಮಸೂರದ ತಪ್ಪು!”

(ಸುಮಿತ್ರಾ ಆಗ ತೊಳೆಯುತ್ತಿದ್ದದ್ದು ಮಸೂರ ಬೇಳೆಯನ್ನೇ. ಆದರೂ ತಾಳ್ಮೆಯಿಂದ ಕೇಳಿದಳು. ಕೇಳುವುದು ಅವಳ ಸ್ವಭಾವ.)

“ಫೋನಿನ ಮಸೂರ, ಅಂದ್ರೆ ಲೆನ್ಸು, ಉಬ್ಬಿರುತ್ತೆ ನೋಡು. ಅದಕ್ಕೇ ನೇರ ಗೆರೆ ಬಾಗುತ್ತೆ, ಅಂಚಿನಲ್ಲಿರೋರು ಹಿಗ್ಗುತ್ತಾರೆ. ಇದಕ್ಕೆ ಮಸೂರ ವಿರೂಪ ಅಂತ ಹೆಸರು.”

“ಆ ಹೆಸರು ಶಿವಕುಮಾರಿಯವರ ಮುಂದೆ ಎತ್ತಬೇಡಿ. ವಿರೂಪ ಅಂದಿದ್ದು ತಮಗೇ ಅಂದುಕೊಳ್ತಾರೆ. ಸರಿ ಹೋಗುತ್ತಾ ಇಲ್ವಾ, ಅದು ಹೇಳಿ.”

“ಹೋಗದೇ ಏನು! ಪರದೆ ಮೇಲೆ ಒಂದು ಜಾರುಗುಂಡಿ ಇದೆ. ಈ ಕಡೆ ಎಳೆದರೆ ಅಂಚು ಹೊರಕ್ಕೆ, ಆ ಕಡೆ ಎಳೆದರೆ ಒಳಕ್ಕೆ. ಎರಡು ನಿಮಿಷದ ಕೆಲಸ.”

ಎರಡು ನಿಮಿಷದ ಕೆಲಸ ಎರಡು ವಾರ ನಡೆಯಿತು. ಕೇಶವಮೂರ್ತಿ ಮೊದಲು ಎಳೆದದ್ದು ತಪ್ಪು ದಿಕ್ಕಿಗೆ. ಶಿವಕುಮಾರಿಯವರು ಟ್ಯಾಂಕರಿನಿಂದ ಬಡ್ತಿ ಪಡೆದು ಗೋದಾಮಾದರು. ಅದನ್ನು ಹೆಂಡತಿಗೆ ಮಾತ್ರ ತೋರಿಸಲೆಂದು ಕಳಿಸಹೋಗಿ ಮಂಡಳಿಯ ಗ್ರೂಪಿಗೇ ಕಳಿಸಿಬಿಟ್ಟರು. ಅಳಿಸುವಷ್ಟರಲ್ಲಿ ಫೋನ್ ಬಂತು.

“ಇದಾ ನೀವು ಸರಿ ಮಾಡೋ ಚಂದ?” ಎಂದರು ಶಿವಕುಮಾರಿಯವರು. “ಹಾರ್ಮೋನಿಯಂ ಕವರ್ ಹಾಕಿ ಅಟ್ಟದ ಮೇಲೆ ಇಡಿಸಿದ್ದೀನಿ.”

ಇಷ್ಟರ ಮಧ್ಯೆ ದಾನವ್ವ ಬಂದಳು. ದಾನವ್ವ ವಿಜಯಪುರದ ಕಡೆಯವಳು, ಪರೇಲಿನ ಒಂದು ಆಸ್ಪತ್ರೆಯಲ್ಲಿ ಆಯಾ. ಬಿದಿರು ಕಡ್ಡಿಯಂಥ ಹೆಂಗಸು. ಫೋಟೋದಲ್ಲಿ ಅವಳು ನಿಂತಿದ್ದು ಬಲ ತುದಿಯಲ್ಲಿ.

“ಅಕ್ಕಾರ, ಸಾಹೇಬ್ರು ಫೋಟೋ ತಿದ್ದಾಕತ್ತಾರಂತ?”

“ಹೌದು ದಾನವ್ವ. ಅಂಚಿನಲ್ಲಿರೋರು ದಪ್ಪ ಬಂದಿದ್ದಾರಲ್ಲ, ಅದಕ್ಕೆ.”

“ತಿದ್ದಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ!” ಎಂದು ದಾನವ್ವ ಹೊಸ್ತಿಲಲ್ಲೇ ಕೂತಳು. “ನಾ ಹುಟ್ಟಿದಾಗಿಂದ ಮೈತುಂಬ ಕಂಡಾಕಿ ಅಲ್ರಿ. ಈ ಒಂದು ಫೋಟೋದಾಗ ಕಂಡೇನಿ. ಊರಿಗೆ ಕಳಿಸಿದ್ದೆ. ಮಗಳು ಮುಂಬಯ್ಯಾಗ ಉಪಾಸ ಬಿದ್ದು ಒಣಗ್ಯಾಳ ಅಂತ ಅಳ್ತಿದ್ದ ನಮ್ಮವ್ವ, ಈಗ ಓಣಿ ತುಂಬ ಫೋನ್ ಹಿಡಕೊಂಡು ತೋರಿಸಾಕತ್ತಾಳ. ನಾ ನಿಂತ ಬಾಜು ಒಂದು ಹಂಗ ಬಿಡ್ರಿ.”

ಸುಮಿತ್ರಾ ಗಂಡನ ಮುಖ ನೋಡಿದಳು.

“ಆಗಲ್ಲ,” ಎಂದರು ಕೇಶವಮೂರ್ತಿ ನ್ಯಾಯಾಧೀಶರ ಧ್ವನಿಯಲ್ಲಿ. “ಜಾರುಗುಂಡಿಗೆ ಎರಡು ಅಂಚೂ ಒಂದೇ. ಶಿವಕುಮಾರಿಯವರು ಎಷ್ಟು ಇಳೀತಾರೋ ದಾನವ್ವ ಕೂಡ ಅಷ್ಟೇ ಇಳೀಬೇಕು.”

“ನನ್ನ ಕಡೆ ಇಳಿಯಾಕ ಏನೈತ್ರಿ ಸಾಹೇಬ್ರ?” ಎಂದಳು ದಾನವ್ವ. ಸುಮಿತ್ರಾ ಅವಳಿಗೆ ಕಾಫಿ ಕೊಟ್ಟು, ಮೂಲ ಫೋಟೋ ಹೇಗೂ ನಿನ್ನ ಫೋನಿನಲ್ಲಿ ಇರುತ್ತದೆ ಎಂದು ಸಮಾಧಾನ ಮಾಡಿ ಕಳಿಸಿದಳು.

ಆ ಎರಡು ವಾರ ಸುಮಿತ್ರಾ ಪಟ್ಟ ಪಾಡು ದೇವರೇ ಬಲ್ಲ. ಕೇಶವಮೂರ್ತಿಗೆ ಕಂಡದ್ದೆಲ್ಲ ವಿರೂಪವೇ. ತಟ್ಟೆಗೆ ದೋಸೆ ಹಾಕಿದರೆ, “ನೋಡು, ಅಂಚಿನಲ್ಲಿ ಎಳೆದ ಹಾಗಾಗಿದೆ,” ಎನ್ನುತ್ತಿದ್ದರು. “ಬೇಡವಾದರೆ ಬಿಡಿ,” ಎಂದು ಅವಳು ತಟ್ಟೆ ಎಳೆದುಕೊಳ್ಳುತ್ತಿದ್ದಳು. ಗ್ಯಾಸ್ ಬುಕ್ ಮಾಡಿ ಎಂದರೆ “ಹ್ಞೂಂ” ಎಂದು ಜಾರುಗುಂಡಿ ಎಳೆಯುತ್ತಿದ್ದರು. ಸಿಲಿಂಡರ್ ಖಾಲಿಯಾದ ದಿನ ಇಬ್ಬರೂ ಅವಲಕ್ಕಿ ತಿಂದರು. ಒಂದು ಸಂಜೆ ಹೂ ಕಟ್ಟಲು ಕೂತರೆ ದಾರವೇ ಇಲ್ಲ. ಹುಡುಕಿದರೆ, ಅವರು ಅದರ ತುದಿಗೆ ಪೂಜೆಯ ಅಡಿಕೆ ಕಟ್ಟಿ ಲ್ಯಾಪ್‌ಟಾಪಿನ ಪರದೆಯ ಮುಂದೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ!

“ಏನ್ರೀ ಇದು?”

“ಗಾರೆ ಕೆಲಸದವರ ತೂಕದ ಗುಂಡು. ಸುಮ್ಮನೆ ಅಂದಾಜಿನಲ್ಲಿ ಎಳೆದರೆ ಆಗಲ್ಲ ಸುಮಿ. ವಿಡಿಯೋದವನು ಹೇಳಿದ, ಫೋಟೋದಲ್ಲಿ ನೇರ ಇರೋದೇ ಅಂತ ಗ್ಯಾರಂಟಿ ಇರೋ ಒಂದು ವಸ್ತು ಹಿಡ್ಕೋಬೇಕಂತೆ. ಬಾಗಿಲೋ, ಕಿಟಕಿಯೋ. ಅದು ನೇರ ಆಗೋ ತನಕ ಎಳೆದರೆ ಮಿಕ್ಕಿದ್ದೆಲ್ಲ ತಾನಾಗೇ ಸರಿಹೋಗುತ್ತೆ.”

“ಹಾಲ್‌ನ ಬಾಗಿಲು ಫೋಟೋದಲ್ಲಿ ಎಲ್ಲಿದೆ? ಗೋಡೆ ತುಂಬ ಪರದೆ, ಹೂವಿನ ಸರ.”

“ಬಾಗಿಲು ಯಾಕೆ? ಮಂಟಪದ ಕಂಬ ಇದೆಯಲ್ಲ!”

ಸುಮಿತ್ರಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ದೇವಿಯ ಎರಡೂ ಪಕ್ಕ ಎರಡು ಬಂಗಾರದ ಕಂಬ. ಎರಡೂ ನಡುವಿನಲ್ಲಿ ಒಳಕ್ಕೆ ಬಾಗಿ, ದೇವಿಯನ್ನು ಅಪ್ಪಿಕೊಳ್ಳಲು ಹೊರಟ ಹಾಗಿದ್ದವು. ಅವಳ ಕಣ್ಣಿನೊಳಗಿನ ಬಡಗಿ ಉಳಿ ಸುತ್ತಿಗೆ ಹಿಡಿದು ಎದ್ದು ನಿಂತ.

“ಅಯ್ಯೋ ರಾಮ, ದೇವಿಯ ಮಂಟಪ ಸೊಟ್ಟ! ಇಷ್ಟು ದಿನ ಶಿವಕುಮಾರಿಯವರ ಸೊಂಟ ನೋಡ್ತಾ ಕೂತಿದ್ದೀರಲ್ರೀ, ದೇವಿ ಕಡೆ ಒಂದು ಸಲ ನೋಡಬಾರದಾಗಿತ್ತಾ?”

“ಅದಕ್ಕೇ ಈಗ ನೀನು ನೋಡು. ನಾನು ಎಳೀತೀನಿ. ದೇವರ ಪಟ ನೇರ ಮಾಡೋ ಕಣ್ಣು ನಿನ್ನದು. ನೀನು ಎಲ್ಲಿ ಸಾಕು ಅಂತೀಯೋ ಅಲ್ಲೇ ಸಾಕು.”

ಸುಮಿತ್ರಾ ಸೆರಗು ಸಿಕ್ಕಿಸಿ ಕೂತಳು. ಎರಡು ವಾರದಲ್ಲಿ ಮೊದಲ ಸಲ ಗಂಡ ಬುದ್ಧಿವಂತಿಕೆಯ ಮಾತಾಡಿದ್ದರು.

“ಇನ್ನೂ ಸ್ವಲ್ಪ... ಇನ್ನೂ... ಅಯ್ಯೋ ಹೆಚ್ಚಾಯ್ತು. ಹಿಂದೆ ಬನ್ನಿ. ಎಡಗಡೆ ಕಂಬ ನೋಡ್ಕೊಳ್ಳಿ. ಇನ್ನೊಂದು ಚೂರು... ಹಾಂ, ನಿಲ್ಲಿಸಿ!”

ಕಂಬಗಳು ಸಿಪಾಯಿಗಳ ಹಾಗೆ ನೆಟ್ಟಗೆ ನಿಂತವು. ಅಡಿಕೆಯ ದಾರಕ್ಕೂ ಕಂಬಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಅದಕ್ಕಿಂತ ದೊಡ್ಡ ಪವಾಡವೆಂದರೆ, ಕಂಬ ನೆಟ್ಟಗಾದ ಹಾಗೆಲ್ಲ ಶಿವಕುಮಾರಿಯವರೂ ಕರಗಿ ಕರಗಿ, ಇಪ್ಪತ್ತು ವರ್ಷದ ಹಿಂದಿನ ಸೊಂಟಕ್ಕೆ ಬಂದು ನಿಂತಿದ್ದರು.

ಸುಮಿತ್ರಾ ದೇವಿಗೆ ಕೈಮುಗಿದಳು. “ನೋಡಿದ್ರಾ? ಮೊದಲು ದೇವರನ್ನ ಸರಿ ಮಾಡಿದ್ದಕ್ಕೆ ಮಿಕ್ಕಿದ್ದನ್ನ ಅವಳೇ ಸರಿ ಮಾಡಿದಳು.”

“ಎಲ್ಲ ಸ್ವಲ್ಪ ವಾಲಿದ ಹಾಗಿದ್ದಾರೆ, ಅಲ್ವಾ?” ಎಂದು ಕೇಶವಮೂರ್ತಿ ಗೊಣಗಿದರು.

“ಕಂಬ ನೇರ ಇದೆಯಲ್ಲ! ಹೆಂಗಸರು ನಿಂತಿದ್ದೇ ಹಾಗೆ. ಇಕ್ಕಟ್ಟಿನಲ್ಲಿ ಇನ್ನು ಹೇಗೆ ನಿಲ್ತಾರೆ? ಪ್ರಿಂಟಿಗೆ ಕೊಡಿ, ನನಗೆ ಊಟದ ಮೇಜು ಬೇಕು.”

ಫೋಟೋ ಬಾಗಿಲಿನ ಅರ್ಧದಷ್ಟು ದೊಡ್ಡದಾಗಿ ಪ್ರಿಂಟಾಗಿ, ಚೌಕಟ್ಟು ಹಾಕಿಸಿಕೊಂಡು, ಶುಕ್ರವಾರ ಸಂಜೆ ಹಾಲಿನ ಗೋಡೆ ಏರಿತು. ಶಿವಕುಮಾರಿಯವರು ಬಂದರು. ಹಾರ್ಮೋನಿಯಂ ಬರಲಿಲ್ಲ. “ಮೊದಲು ಫೋಟೋ ನೋಡ್ತೀನಿ. ಅದು ಕೆಳಗೆ ರಿಕ್ಷಾದಲ್ಲಿದೆ, ಮೀಟರ್ ಓಡ್ತಾ ಇದೆ,” ಎಂದರು.

ಸುಮಿತ್ರಾ ದೇವಿಯನ್ನು ನೆನೆದು, ಚೌಕಟ್ಟಿನ ಮೇಲಿನ ಬಟ್ಟೆ ಸರಿಸಿದಳು.

ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು.

ಲ್ಯಾಪ್‌ಟಾಪಿನ ಪರದೆಯಲ್ಲಿ ಸ್ವಲ್ಪ ವಾಲಿದ್ದವರು ಗೋಡೆಯ ಮೇಲೆ ಬಿಲ್ಲಿನಂತೆ ಬಾಗಿದ್ದರು. ಎಡಗಡೆಯವರು ಎಡಕ್ಕೆ ಹೊಟ್ಟೆ ಮಾಡಿ, ಬಲಗಡೆಯವರು ಬಲಕ್ಕೆ ಹೊಟ್ಟೆ ಮಾಡಿ, ಬಿರುಗಾಳಿಗೆ ಸಿಕ್ಕ ಕಬ್ಬಿನ ಗದ್ದೆಯಂತೆ ನಿಂತಿದ್ದರು. ಕಂಬಗಳು ಮಾತ್ರ ನೆಟ್ಟಗೆ, ಗಂಭೀರವಾಗಿ, ಇದಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ.

“ಯೇ ಕ್ಯಾ ಹೋ ಗಯಾ? ನಾನು ಇಷ್ಟು ಟೇಡಾ ಯಾಕೆ?” ಎಂದಳು ತಾಳ ಹಾಕುವ ಸೋನಾಲಿ.

ಸುಮಿತ್ರಾ ಗಂಟಲು ಸರಿಮಾಡಿಕೊಂಡಳು. “ಯಾರೂ ಬೇಜಾರು ಮಾಡ್ಕೋಬೇಡಿ. ಫೋಟೋ ಸರಿಯಾಗೇ ಇದೆ. ಕಂಬ ನೋಡಿ, ದಾರ ಹಿಡಿದು ಅಳತೆ ಮಾಡಿದ್ದೀವಿ. ನಾವೇ ಅವತ್ತು ಸರಿಯಾಗಿ ನಿಂತಿರಲಿಲ್ಲ, ಅಷ್ಟೇ.”

ಎಲ್ಲರೂ ಕಂಬ ನೋಡಿದರು. ನೇರವಾಗಿತ್ತು. ಹಾಗಾದರೆ ತಪ್ಪು ಯಾರದ್ದು ಎಂಬ ವಿಚಾರಣೆ ಶುರುವಾಯಿತು.

“ನೀವೇ ಧಕ್ಕಾ ಕೊಟ್ರಿ ಆಂಟಿ!”

“ನಾನಾ? ನನ್ನ ಹಿಂದಿನವರು ನನ್ನ ಮೇಲೆ ಬಿದ್ದಿದ್ದರು!”

“ನಾನು ಯಾರ ಮೇಲೂ ಬೀಳೋಳಲ್ಲ. ನಿಮ್ಮ ಸೀರೆ ನೆರಿಗೆ ಅಡ್ಡ ಬಂತು!”

ಇಪ್ಪತ್ತೈದು ವರ್ಷ ಜೊತೆಯಾಗಿ ಹಾಡಿದವರು ಇಪ್ಪತ್ತೈದು ವರ್ಷದ ಲೆಕ್ಕ ತೆಗೆಯುವುದರಲ್ಲಿದ್ದಾಗ, ಡ್ಯೂಟಿ ಮುಗಿಸಿ ಪರೇಲಿನಿಂದ ಗುದ್ದಾಡಿಕೊಂಡು ಬಂದ ದಾನವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಫೋಟೋ ನೋಡಿದಳು. ಮೊದಲು ತನ್ನನ್ನು ಹುಡುಕಿ, ಕಡ್ಡಿಯಾಗಿರುವುದನ್ನು ಕಂಡು ನಿಟ್ಟುಸಿರಿಟ್ಟಳು. ಆಮೇಲೆ ಕಣ್ಣು ಅಗಲ ಮಾಡಿದಳು.

“ಅಬಬಬ! ಅಕ್ಕಾರ, ಆ ಬಾಳಿಕಂಬ ಹ್ಯಾಂಗ ನೆಟ್ಟಗ ಮಾಡಿದ್ರಿ?”

“ಯಾವ ಬಾಳೆಕಂಬ?” ಎಂದರು ಶಿವಕುಮಾರಿಯವರು.

“ಇವ ಅಲ್ರಿ, ಬಂಗಾರದವು! ಹಳೀ ಮಂಟಪದ ಕಂಬಕ್ಕ ಗೆದ್ದಲ ಹತ್ತಿತ್ತಲ್ರಿ, ಅದಕ್ಕ ಅಕ್ಕಾರೂ ನಾನೂ ದಾದರದಿಂದ ಬಾಳಿಕಂಬ ತಂದ್ವಿ. ಲಗೇಜ್ ಡಬ್ಬಿಯೊಳಗ ಮಂದಿ ಒತ್ತಿ ಒತ್ತಿ ಎರಡೂ ಕುಡಗೋಲಿನಂಗ ಮಣದಿದ್ವು. ಅಕ್ಕಾರ ಅವಕ್ಕ ಜರಿ ಬಟ್ಟಿ ಸುತ್ತಿ, ‘ಯಾರಿಗೂ ಗೊತ್ತಾಗಬಾರದು ದಾನವ್ವ’ ಅಂದ್ರು. ಒಬ್ಬರಿಗೂ ಗೊತ್ತಾಗಲಿಲ್ಲ ನೋಡ್ರಿ, ಅಂಥಾ ಕೈ ನಮ್ಮ ಅಕ್ಕಾರದು!”

ಒಬ್ಬರಿಗೂ ಗೊತ್ತಾಗಿರಲಿಲ್ಲ. ಫೋಟೋ ನೇರ ಮಾಡುವಾಗ ಸುತ್ತಿದವಳಿಗೂ ಅದು ನೆನಪಾಗಿರಲಿಲ್ಲ. ವರ್ಷಗಟ್ಟಲೆ ಒರೆಸಿ ಒರೆಸಿ ಅಭ್ಯಾಸವಾದ ಹಳೆಯ ಮರದ ಕಂಬಗಳೇ ಸುಮಿತ್ರಾಳ ಕಣ್ಣಿನಲ್ಲಿ ಕೂತಿದ್ದವು. ಸೊಟ್ಟ ಬಾಳೆಕಂಬ ನೆಟ್ಟಗಾಗಲೆಂದು ಅವಳು ಇಡೀ ಮಂಡಳಿಯನ್ನು ಬಗ್ಗಿಸಿದ್ದಳು.

ಎಲ್ಲರೂ ಅವಳ ಕಡೆ ತಿರುಗಿದರು. ಕೇಶವಮೂರ್ತಿ ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

“ತೆಗೆಸಿಬಿಡ್ತೀನಿ,” ಎಂದಳು ಸುಮಿತ್ರಾ ಸಣ್ಣ ಧ್ವನಿಯಲ್ಲಿ. “ನಾಳೆನೇ ತೆಗೆಸಿ ಬೇರೆ ಹಾಕಿಸ್ತೀನಿ.”

“ತೆಗೆಸೋದಾ? ಯಾಕೆ?” ಎಂದರು ಶಿವಕುಮಾರಿಯವರು. ಅವರು ಆಗಲೇ ಫೋಟೋದ ಹತ್ತಿರ ಹೋಗಿ, ಎಡತುದಿಯ ತಮ್ಮನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡುತ್ತಿದ್ದರು. “ಬಾಗಿದರೆ ಏನಾಯ್ತು? ದೇವಿಗೆ ತಲೆಬಾಗಿ ನಿಂತ ಹಾಗಿದೆ. ಭಕ್ತಿ ಎದ್ದು ಕಾಣುತ್ತೆ. ನನ್ನದು ಇಷ್ಟು ಒಳ್ಳೆ ಫೋಟೋ ನನ್ನ ಮದುವೇಲೂ ಬಂದಿಲ್ಲ. ಇದು ಇಲ್ಲೇ ಇರುತ್ತೆ. ಸೋನಾಲಿ, ಕೆಳಗೆ ಹೋಗಿ ಹಾರ್ಮೋನಿಯಂ ತಗೊಂಡು ಬಾ.” ಆಮೇಲೆ ಫೋಟೋದ ನಡುವೆ ಬೆರಳಿಟ್ಟು, ನಿಜವಾದ ಕನಿಕರದಿಂದ, “ಆದರೆ ಸುಮಿತ್ರಾ, ನೀವು ಮಾತ್ರ ಸ್ವಲ್ಪ ದಪ್ಪ ಆಗಿದ್ದೀರಿ. ಅವಲಕ್ಕಿ ಗಿವಲಕ್ಕಿ ಕಡಿಮೆ ಮಾಡಿ,” ಎಂದರು.

ಸುಮಿತ್ರಾ ಆಗ ನೋಡಿಕೊಂಡಳು. ಜಾರುಗುಂಡಿ ಎಳೆಸುವಾಗ ಅವಳ ಕಣ್ಣು ಕಂಬದ ಮೇಲೆಯೇ ಇತ್ತು. ಅಂಚಿನವರಿಂದ ಕರಗಿದ್ದೆಲ್ಲ ನಡುವಿಗೆ ಬಂದು ಸೇರಿತ್ತು. ಆರತಿ ತಟ್ಟೆ ಹಿಡಿದು ದೇವಿಯ ಪಾದದ ಬಳಿ ಕೂತಿದ್ದ ಹದಿನಾರರ ಹುಡುಗಿ, ಮದುವೆಮನೆಯ ಹುಳಿಯ ಕೊಪ್ಪರಿಗೆಯಾಗಿ ಹಾಲಿನ ಗೋಡೆಯ ಮೇಲೆ ಶಾಶ್ವತವಾಗಿ ವಿರಾಜಮಾನಳಾಗಿದ್ದಳು.

ಹಾರ್ಮೋನಿಯಂ ಬಂತು. ಶ್ರುತಿ ಹಿಡಿಯಿತು. “ಸುಮಿತ್ರಾ, ಮೊದಲು ನೀವು ಹಾಡಿ,” ಎಂದರು ಶಿವಕುಮಾರಿಯವರು. ಅವಳು ಕಣ್ಣು ಮುಚ್ಚಿಕೊಂಡು ಹಾಡಿದಳು. ತೆರೆದರೆ ಎದುರಿಗೇ ಫೋಟೋ ಇತ್ತು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಅವಳು ದೇವರ ಗೋಡೆಯ ಮುಂದೆ ನಿಂತಳು. ವೆಂಕಟರಮಣ ಎಂದಿನಂತೆ ಗಣಪತಿಯ ಕಿವಿಗೆ ವಾಲಿದ್ದ. (ನಿನ್ನೆಯ ಸುದ್ದಿ ಹೇಳುತ್ತಿದ್ದನೋ ಏನೋ.) ಬೆರಳು ಚಾಚಿದವಳು ಒಂದು ಗಳಿಗೆ ಅನುಮಾನಿಸಿ, ಆಮೇಲೆ ಎಂದಿನಷ್ಟೇ ಸರಿಸಿದಳು.

ಹಿಂದೆ ಸಪ್ಪಳವಾಯಿತು. ಕೇಶವಮೂರ್ತಿ ಫೋನ್ ಹಿಡಿದು ನಿಂತಿದ್ದರು. ಮುಖದಲ್ಲಿ ಎರಡು ವಾರದ ಹಿಂದಿನ ಅದೇ ಬೆಳಕು.

“ಸುಮಿ, ಇದರಲ್ಲಿ ಮಟ್ಟ ನೋಡೋ ಆ್ಯಪ್ ಬಂದಿದೆ. ಪೂರ್ತಿ ಬಿಟ್ಟಿ. ಪಟದ ಮೇಲೆ ಹೀಗಿಟ್ಟರೆ ಸಾಕು, ನೇರ ಇದೆಯಾ ಸೊಟ್ಟ ಇದೆಯಾ ಅಂತ ತಾನೇ ಹೇಳುತ್ತೆ. ಇಷ್ಟು ವರ್ಷ ನೀನು ಇಟ್ಟಿದ್ದು ಸರಿಯಾಗಿದೆಯಾ, ಒಂದೇ ಒಂದು ಸಲ ನೋಡಿಬಿಡಲಾ?”

ಸುಮಿತ್ರಾ ವೆಂಕಟರಮಣನ ಮುಖ ನೋಡಿದಳು. ಆಮೇಲೆ ಪಟಕ್ಕೂ ಗಂಡನ ಫೋನಿಗೂ ನಡುವೆ ಬಂದು ನಿಂತಳು.

“ಬೇಡ,” ಎಂದಳು. “ನೀವು ಹೋಗಿ ಹಲ್ಲುಜ್ಜಿ.”